ಕಾದಾಗ ಕೈಕೊಡುವ 800, ಸಿಗದ ಪದ್ಮಿನಿ ಪಾರ್ಟು

ಪ್ರಶ್ನೆ: ನನ್ನದು 1997ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಮುಂಜಾನೆ ಒಂದೇ ಸೆಲ್ಫ್‌ಗೆ ಚಾಲೂ ಆಗುತ್ತದೆ. ಬೇಸಿಗೆಯಲ್ಲಿ ವಿಜಯಪುರಕ್ಕೆ ಹೊರಟಾಗ ಕೊಲ್ಹಾರದಲ್ಲಿ ಮೊಸರಿಗೆ ಅಂತ ನಿಲ್ಲಿಸಿದರೆ ಮುಗೀತು, ಅರ್ಧ ತಾಸು ಏಳಲ್ಲ. ಕಾರ್ಬೊರೇಟರ್ ಹೊಸದು ಹಾಕಿಸಿ ಅಂತಾರೆ ಮಿಸ್ತ್ರಿ. ಹಾಕಿಸಲಾ?
– ಓದುಗರು, ಬಾಗಲಕೋಟೆ

ಉತ್ತರ: ಸದ್ಯಕ್ಕೆ ಬೇಡ. ದುಡ್ಡು ಬಿಚ್ಚುವ ಮೊದಲು ನಿಂತಿದ್ದು ಪೆಟ್ರೋಲಿಗೋ ಕರೆಂಟಿಗೋ ಅಂತ ತಿಳಿಯಬೇಕು, ಅಲ್ವಾ? ನಿಮ್ಮ ಗಾಡಿಯ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಓಡುವಾಗ ಗಾಳಿ ಮತ್ತು ಹರಿಯುವ ಪೆಟ್ರೋಲು ಅದನ್ನು ತಂಪಿಡುತ್ತವೆ. ನಿಲ್ಲಿಸಿದ ಕೂಡಲೇ ಎಂಜಿನ್ ಕಾವೆಲ್ಲ ಅದಕ್ಕೇರಿ ಒಳಗಿನ ಪೆಟ್ರೋಲು ಆವಿಯಾಗುತ್ತದೆ, ಆಮೇಲೆ ನೀವೆಷ್ಟು ಸೆಲ್ಫ್ ಹೊಡೆದರೂ ಪಂಪು ಸುಮ್ನೆ ಆವಿ ಎಳೆಯುತ್ತಿರುತ್ತದೆ.

ಮುಂದಿನ ಸಲ ಒಂದು ಬಟ್ಟೆ ನೆನೆಸಿ, ಹಿಂಡಿ, ಪಂಪಿನ ಮೇಲೆ ಹಾಕಿ. ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್‌ಗೆ ನೀರು ತಾಗದಿರಲಿ. ಐದು ನಿಮಿಷದಲ್ಲಿ ಚಾಲೂ ಆದರೆ ಕಳ್ಳ ಸಿಕ್ಕ. ಆಗದಿದ್ದರೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ಆದರೆ ಅದು ಕೂರುವ ಎಂಜಿನ್ ಹೆಡ್ ಅಲ್ಯುಮಿನಿಯಂ, ಕಾದಾಗ ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ತುದಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಹಳೇ ಕಾಯಿಲ್ ಕಾದಾಗ ಕಿಡಿ ಕೊಡಲ್ಲ, ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಕೊಡುತ್ತದೆ. ಇಲ್ಲಾ ಕಾರ್ಬೊರೇಟರ್ ಉಕ್ಕಿದೆ. ಆಗಲೂ ನೀಡಲ್ ವಾಲ್ವಿನ (ಒಳಬರುವ ಪೆಟ್ರೋಲು ತಡೆಯುವ ಸೂಜಿ) ಕಿಟ್ ಸಾಕಾಗಬಹುದು.

ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು (ನಮ್ಮ ಕಡೆ ಕಬ್ಬಿನ ಪಾಲೂ ಅದರಲ್ಲಿದೆ ಬಿಡಿ). 1997ರ ರಬ್ಬರು ಅದಕ್ಕೆ ಮಾಡಿದ್ದಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಪೈಪು, ಪಂಪಿನ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಬದಲಿಸಿ. ಪಾರ್ಟುಗಳಿಗೆ ಒದ್ದಾಡಬೇಡಿ: 800 ತಯಾರಿಕೆ ನಿಂತಿದ್ದು 2014ರಲ್ಲಿ, ಅದೇ 796 ಸಿಸಿ ಎಂಜಿನ್ನಿನ ಓಮ್ನಿ 2019ರವರೆಗೂ ಬಂತು. ಹಳೇ ಪಂಪು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಪ್ರಶ್ನೆ: ಅಜ್ಜನ ಪ್ರೀಮಿಯರ್ ಪದ್ಮಿನಿ ಕಾರು ಇದೆ. ವಾಟರ್ ಪಂಪು ಸೋರುತ್ತಿದೆ, ಬೆಳಗಾವಿಯ ಅಂಗಡಿಗಳಲ್ಲಿ ಇಲ್ಲ ಅಂತಾರೆ.
– ಓದುಗರು, ಬೆಳಗಾವಿ

ಉತ್ತರ: ಇಡೀ ಪಂಪು ಯಾಕೆ ಹುಡುಕುತ್ತೀರಿ? ಬಿಚ್ಚಿಸಿ. ಸಾಮಾನ್ಯವಾಗಿ ಹೋಗಿರುವುದು ಸೀಲು, ಜೊತೆಗೆ ಬೇರಿಂಗು. ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ, ಆ ನಂಬರ್ ಹೇಳಿ ಬೇರಿಂಗ್ ಅಂಗಡಿಯಲ್ಲಿ ಕೇಳಿ, ಕಾರಿನ ಹೆಸರು ಬೇಡವೇ ಬೇಡ. ಶಾಫ್ಟ್ ಸವೆದಿದ್ದರೆ ನಿಮ್ಮೂರಲ್ಲೇ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆಯಲ್ಲ, ಲೇತಿನವರು ಮಾಡಿಕೊಡುತ್ತಾರೆ. ಬಾಡಿಯೇ ಒಡೆದಿದ್ದರೆ ಮಾತ್ರ ಮುಂಬೈನ ಕುರ್ಲಾ ಗುಜರಿ. ಅಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರವರೆಗೂ ಓಡಿದವು. ಗುಜರಿಯಲ್ಲಿ ಕಬ್ಬಿಣ ಕೊಳ್ಳಿ, ರಬ್ಬರ್ ಮುಟ್ಟಬೇಡಿ.

ಪ್ರಶ್ನೆ: ರೇಡಿಯೇಟರ್‌ಗೆ ಬೋರ್ ನೀರು ಹಾಕಬಹುದಾ?
– ಓದುಗರು, ವಿಜಯಪುರ

ಉತ್ತರ: ಬೇಡ. ನಿಮ್ಮ ಮನೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ ಕಟ್ಟುತ್ತದೆ. ಕೂಲಂಟ್ ಹಾಕಿ. ಕಾದಾಗ ಮುಚ್ಚಳ ತೆಗೆಯಬೇಡಿ.