ಗೋದಾಮಿನಲ್ಲಿ ಎರಡು ಚೀಲ ಕಡಿಮೆ: ತೇವದ ಲೆಕ್ಕಕ್ಕೆ ಹಾಕಬಹುದೇ?

ಪ್ರಶ್ನೆ: ಕಲ್ಲು ಕ್ವಾರಿಗಳಿಗೆ ಬಂಡೆ ಸಿಡಿಸಲು ಬಳಸುವ ಅಮೋನಿಯಂ ನೈಟ್ರೇಟ್ ಒದಗಿಸುವ ಗೋದಾಮಿನಲ್ಲಿ ನಾನು ಸ್ಟೋರ್ ಕೀಪರ್. ತಿಂಗಳ ಎಣಿಕೆಯಲ್ಲಿ 50 ಕೆ.ಜಿ.ಯ ಎರಡು ಚೀಲ ಕಡಿಮೆ ಬಂದಿವೆ. ‘ತೇವಕ್ಕೆ ತೂಕ ಇಳಿದಿದೆ ಅಂತ ಬರೆದುಬಿಡಿ’ ಎನ್ನುತ್ತಾರೆ ಮೇಲಿನವರು. ಬರೆಯಲೇ?

ಉತ್ತರ: ದಯವಿಟ್ಟು ಬರೆಯಬೇಡಿ. ಆ ಕಾರಣವೇ ಸುಳ್ಳು. ಈ ಉಪ್ಪು ಗಾಳಿಯ ತೇವ ಹೀರಿಕೊಂಡು ಗಂಟು ಕಟ್ಟುತ್ತದೆ, ತೂಕ ಏರುತ್ತದೆ. ನೀರಾಗಿ ಸೋರಿದ್ದರೂ ನೆಲದ ಮೇಲೆ ಬಿಳಿ ಕಲೆ ಇರಬೇಕು, ಖಾಲಿ ಚೀಲವಾದರೂ ಅಲ್ಲೇ ಬಿದ್ದಿರಬೇಕು.

ಇವತ್ತೇ ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು ಮತ್ತೆ ಎಣಿಸಿ. ಎದುರಿನ ಸಾಲು ಎಣಿಸಿ ಉದ್ದಕ್ಕೂ ಎತ್ತರಕ್ಕೂ ಗುಣಿಸುವ ರೂಢಿ ಇದ್ದರೆ ಬಿಡಿ. ಅಟ್ಟಿಯ ನಡುವಿನಿಂದ ಚೀಲ ಎಳೆದವರು ಹೊರಗಿನ ಸಾಲನ್ನು ಮುಟ್ಟುವುದಿಲ್ಲ, ಒಳಗೆ ಟೊಳ್ಳಾಗಿರುತ್ತದೆ. ಅನುಮಾನ ಬಂದ ಅಟ್ಟಿಯನ್ನು ಇಳಿಸಿಯೇ ನೋಡಬೇಕು. ಹೊಲಿಗೆಯ ದಾರ ಬೇರೆ ಬಣ್ಣದ್ದಾಗಿದ್ದರೆ ಆ ಚೀಲವನ್ನು ತೂಕಕ್ಕೆ ಹಾಕಿ.

ಆಮೇಲೂ ಲೆಕ್ಕ ಕೂಡದಿದ್ದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೂ ಲೈಸೆನ್ಸ್ ಕೊಟ್ಟ ಅಧಿಕಾರಿಗೂ ಬರಹದಲ್ಲಿ ತಿಳಿಸಿ. ರಿಜಿಸ್ಟರಿನ ಹಳೆಯ ಅಂಕಿ ತಿದ್ದಬೇಡಿ. ಅದರ ಕೆಳಗೆ ಎಣಿಕೆಯ ಅಂಕಿ, ದಿನ, ಹೊತ್ತು ಬರೆದು ಇಬ್ಬರೂ ಸಹಿ ಹಾಕಿ.

ತೂಕದಲ್ಲಿ ಶೇ 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣವನ್ನು 2011ರ ಜುಲೈನಲ್ಲಿ ಕೇಂದ್ರ ಸರ್ಕಾರ ಸ್ಫೋಟಕವೆಂದು ಘೋಷಿಸಿತು. ಮರುವರ್ಷ ಇದಕ್ಕೆಂದೇ ನಿಯಮ ಬಂತು. 1995ರಲ್ಲಿ ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ 168 ಜನರನ್ನು ಕೊಂದ ಬಾಂಬಿಗೆ ಬಳಸಿದ್ದು ಗೊಬ್ಬರವೆಂದು ಕೊಂಡ ಇದೇ ವಸ್ತು. ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಇಟ್ಟಿದ್ದು 2,750 ಟನ್. 2020ರ ಆಗಸ್ಟ್ 4ರಂದು ಸಿಡಿದದ್ದು ಸುಮಾರು 552 ಟನ್ ಎಂಬುದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅಂದಾಜು. ವರ್ಷಗಟ್ಟಲೆ ಯಾರೂ ಸರಿಯಾಗಿ ಎಣಿಸದ ಗೋದಾಮಿನಲ್ಲಿ ಉಳಿದದ್ದು ಏನಾಯಿತೆಂದು ಕೇಳಿದರೆ ತೋರಿಸಲು ಲೆಕ್ಕವೇ ಇರುವುದಿಲ್ಲ. ನಿಮ್ಮ 100 ಕೆ.ಜಿ.ಯೂ ಸಣ್ಣದಲ್ಲ.

ಮುಂದಕ್ಕೆ ತಿಂಗಳ ಎಣಿಕೆ ಸಾಲದು, ದಿನವೂ ಸಂಜೆ ಎಣಿಸಿ. ಅಟ್ಟಿಯ ಸುತ್ತ ಒಬ್ಬರು ನಡೆದಾಡುವಷ್ಟು ಜಾಗ ಬಿಡಿ, ಪ್ರತಿ ಅಟ್ಟಿಯಲ್ಲೂ ಚೀಲಗಳ ಸಂಖ್ಯೆ ಒಂದೇ ಇರಲಿ. ಎರಡು ಬೀಗ ಹಾಕಿ, ಬೀಗದ ಕೈ ಇಬ್ಬರ ಬಳಿ ಇರಲಿ. ಕ್ವಾರಿಯಲ್ಲಿ ಮಿಕ್ಕು ವಾಪಸು ಬಂದದ್ದನ್ನೂ ನೆಲ ಗುಡಿಸಿ ತೆಗೆದ ಪುಡಿಯನ್ನೂ ತೂಗಿ ಬರೆಯಿರಿ. ಬಹಳ ಕಡೆ ಸೋರಿಕೆ ಶುರುವಾಗುವುದೇ ಇಲ್ಲಿ, ಏಕೆಂದರೆ ಅದು ಯಾರ ಲೆಕ್ಕಕ್ಕೂ ಸೇರಿರುವುದಿಲ್ಲ. ಖಾಲಿ ಚೀಲಗಳನ್ನೂ ಎಣಿಸಿ, ಮತ್ತೆ ಬಳಸಲಾಗದಂತೆ ಕತ್ತರಿಸಿಹಾಕಿ.