ತೆರೆ ಸರಿಯುವ ಮುಂಚಿನ ಹನ್ನೆರಡು ಸೆಕೆಂಡು

ಶಿರಸಿ ತಾಲ್ಲೂಕಿನ ಒಂದು ತೋಟದ ಮನೆ. ಹುಡುಗನಿಗೆ ಆಗ ನಾಲ್ಕೂವರೆ ವರ್ಷ. ಗುರುತು ಸಿಗದಿರಲೆಂದು ಊರಿನ ಹೆಸರು ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಮಾಣಿ ಎಂದಷ್ಟೇ ಕರೆಯುತ್ತೇನೆ. ಮನೆಯಲ್ಲೂ ಎಲ್ಲರ ಬಾಯಲ್ಲಿ ಅವನು ಮಾಣಿಯೇ.

ಹುಬ್ಬಳ್ಳಿಯ ತಜ್ಞರು ಕಿವಿಯ ಪರೀಕ್ಷೆಯನ್ನೂ ಮಾಡಿಸಿ, ಇದು ಆಟಿಸಂ, ಅಂದರೆ ಮಾತು, ಒಡನಾಟ, ನಡವಳಿಕೆಗಳು ಬೇರೆ ರೀತಿ ಬೆಳೆಯುವ ಸ್ಥಿತಿ, ಎಂದು ಹೇಳಿ ಮೂರು ತಿಂಗಳಾಗಿತ್ತು. ಸಲಹೆಗೆಂದು ನನ್ನಲ್ಲಿಗೆ ಬಂದ ತಾಯಿ ಮುಂದೆ ಕುಳಿತು ಮೊದಲು ಕೇಳಿದ್ದು ಚಿಕಿತ್ಸೆಯ ವಿಷಯವನ್ನಲ್ಲ. "ಕೊಯ್ಲಿನ ಸಮಯದಲ್ಲಿ ಕೆಲಸದ ಗಡಿಬಿಡಿಗೆ ಮೊಬೈಲ್ ಕೊಟ್ಟು ಕೂರಿಸುತ್ತಿದ್ದೆ. ನಾನೇ ಇವನನ್ನು ಹೀಗೆ ಮಾಡಿದೆನೇ ಮೇಡಂ?" ಎಂದರು. ಮನೆಯಲ್ಲಿ ಈ ಮಾತು ಅವರ ಕಿವಿಗೆ ಹಲವು ಬಾರಿ ಬಿದ್ದಿತ್ತು ಎಂಬುದು, ಪಕ್ಕದಲ್ಲಿದ್ದ ಗಂಡ ತಲೆ ತಗ್ಗಿಸಿದ ರೀತಿಯಲ್ಲೇ ತಿಳಿಯಿತು.

ಅವರಿಗೆ 1943ರ ಕಥೆ ಹೇಳಿದೆ. ಆ ವರ್ಷ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದರು. ಅವರಲ್ಲೊಬ್ಬ ಬಾಣಲೆಯಂಥ ದುಂಡನೆಯ ವಸ್ತು ಏನು ಸಿಕ್ಕಿದರೂ ಗಿರ್ರನೆ ತಿರುಗಿಸುತ್ತಾ ಕೂರುತ್ತಿದ್ದ. ಎಲ್ಲವೂ ನಿನ್ನೆ ಇದ್ದ ಹಾಗೆಯೇ ಇರಬೇಕೆಂಬ ಹಟ ಆ ಮಕ್ಕಳಲ್ಲಿ ಕಂಡಿತು. ಅಂದು ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. "ಒಂದನ್ನೇ ಮತ್ತೆ ಮತ್ತೆ ಬಯಸುವುದು ಈ ಮಕ್ಕಳ ಸ್ವಭಾವದಲ್ಲೇ ಇದೆ ತಂಗಿ. ಮೊಬೈಲ್ ಅದಕ್ಕೆ ಸುಲಭದ ದಾರಿಯಾಯಿತು, ಅಷ್ಟೇ. ನೀವು ಮಾಡಿದ್ದಲ್ಲ" ಎಂದೆ. ಆ ತಾಯಿ ಅತ್ತರು. ಆ ದಿನ ಬೇರೆ ಸಲಹೆ ಏನನ್ನೂ ಕೊಡಲಿಲ್ಲ.

ಮುಂದಿನ ವಾರ ನಾನೇ ಅವರ ಮನೆಗೆ ಹೋದೆ. ಮಾಣಿ ನೋಡುತ್ತಿದ್ದದ್ದು ಒಂದು ಯಕ್ಷಗಾನದ ವಿಡಿಯೊ. ದಿನಕ್ಕೆ ನಾಲ್ಕು ಗಂಟೆ, ಅದೊಂದೇ. "ಪೂರ್ತಿ ಪ್ರಸಂಗ ನೋಡಿದರೆ ಬೇಡವೆನ್ನುತ್ತಿರಲಿಲ್ಲ, ನೋಡಿದ್ದನ್ನೇ ನೋಡುತ್ತಾನೆ" ಎಂಬುದು ತಂದೆಯ ದೂರು. ಅವರೂ ಹವ್ಯಾಸಿ ವೇಷಧಾರಿ. ಅಜ್ಜಿ ಮಾತ್ರ ಯಾರದೋ ದೃಷ್ಟಿ ತಗುಲಿದೆ ಎಂದೇ ನಂಬಿದ್ದರು.

ಯಾರೂ ಮಾತನಾಡಬೇಡಿ ಎಂದು ಹೇಳಿ, ಜಗುಲಿಯ ಮೇಲೆ ಅವನ ಪಕ್ಕ ಕುಳಿತೆ. ಇಬ್ಬರು ತೆರೆ ಹಿಡಿದಿದ್ದಾರೆ. ಅದರ ಹಿಂದೆ ರಾಕ್ಷಸ ವೇಷ ಕುಣಿಯುತ್ತಿದೆ. ಮೇಲೆ ಕಿರೀಟದ ತುದಿ ಅಲ್ಲಾಡುತ್ತದೆ, ಕೆಳಗೆ ಗೆಜ್ಜೆ ಕಾಲು ಕಾಣುತ್ತದೆ. ಚಂಡೆ ಏರುತ್ತಿದ್ದಂತೆ ಮಾಣಿ ಎಡ ಅಂಗೈಯನ್ನು ಮೊಬೈಲಿನ ಸ್ಪೀಕರಿಗೆ ಒತ್ತುತ್ತಿದ್ದ. ಬಲ ಹೆಬ್ಬೆರಳು ಪರದೆಯ ಕೆಳಗಿನ ಕೆಂಪು ಗೆರೆಯ ಮೇಲೆ ಕಾಯುತ್ತಿತ್ತು. ತೆರೆ ಸರಿದು ಮುಖ ಕಾಣಬೇಕು ಎನ್ನುವಷ್ಟರಲ್ಲಿ ಹಿಂದಕ್ಕೆ ಎಳೆಯುತ್ತಿದ್ದ. ಮತ್ತೆ ಕಿರೀಟದ ತುದಿ, ಮತ್ತೆ ಗೆಜ್ಜೆ. ಸುಮಾರು ಹನ್ನೆರಡು ಸೆಕೆಂಡು. ಇಪ್ಪತ್ತಾರು ಸಲ ಎಣಿಸಿದೆ; ಒಮ್ಮೆಯೂ ಆ ಮುಖ ಬರಲು ಅವನು ಬಿಡಲಿಲ್ಲ.

ಅವನಿಗೆ ರುಚಿಸಿದ್ದು ಕಾಯುವ ಆ ಗಳಿಗೆ. ಏನು ಬರುತ್ತದೆಂದು ಗೊತ್ತಿದೆ, ಯಾವಾಗ ಬರಬೇಕೆಂಬುದು ಅವನ ಹೆಬ್ಬೆರಳಿನಲ್ಲಿದೆ. ಇದು ನನ್ನ ಊಹೆಯೇ ಹೌದು, ಆದರೆ ಮುಂದಿನ ಕೆಲಸವೆಲ್ಲ ನಿಂತದ್ದು ಅದರ ಮೇಲೆ. "ದಿನವಿಡೀ ಮೊಬೈಲ್ ನೋಡುತ್ತಾನೆ" ಎಂದು ಪೋಷಕರು ಹೇಳಿದಾಗ ನಾನು ಯಾವ ಸೆಕೆಂಡನ್ನು ಎಂದು ಕೇಳುತ್ತೇನೆ. ಹೆಚ್ಚಿನವರು ಅದನ್ನು ಗಮನಿಸಿರುವುದಿಲ್ಲ. ಮಗುವಿನ ಜೊತೆ ಸೇರಿಕೊಳ್ಳುವ ಬಾಗಿಲು ಅಲ್ಲೇ ಇರುತ್ತದೆ.

ಎರಡನೆಯ ದೂರು ಅಡಿಕೆಯದು. ಚಾಲಿ ಅಡಿಕೆಯನ್ನು (ಒಣಗಿಸಿ ಸುಲಿದ ಅಡಿಕೆ) ಜಗುಲಿಯ ಅಂಚಿನುದ್ದಕ್ಕೂ ಸಾಲಾಗಿ ಜೋಡಿಸುತ್ತಿದ್ದ, ಎಲ್ಲದರ ತೊಟ್ಟಿನ ಭಾಗವೂ ಕೆಳಗೆ. ಯಾರಾದರೂ ತೆಗೆದರೆ ಕಿರುಚಾಟ. ನಾನು ಸಾಲಿನ ಕೊನೆಗೆ ಒಂದು ಅಡಿಕೆ ಇಟ್ಟೆ, ತೆಗೆದು ಎಸೆದ. ತೊಟ್ಟು ಕೆಳಗೆ ಮಾಡಿ ಇಟ್ಟೆ, ಬಿಟ್ಟ. ಅವನ ನಿಯಮ ನನಗೆ ತಿಳಿಯಿತೆಂದು ಅವನಿಗೂ ತಿಳಿಯಿತು. ಸ್ವಲ್ಪ ಹೊತ್ತಿಗೆ ನನ್ನ ಅಂಗೈಗೆ ಒಂದು ಅಡಿಕೆ ಹಾಕಿ ಕಾದ. (ವಸ್ತುಗಳನ್ನು ಬಾಯಿಗೆ ಹಾಕುವ ಮಗುವಾದರೆ ಅಡಿಕೆ ಬೇಡವೇ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ಅಗಿದರೂ ಕೆಡುಕೇ.)

ನನ್ನ ಮೊದಲ ಸಲಹೆ ತಪ್ಪಾಯಿತು. ಅರ್ಧ ಗಂಟೆಗೆ ಗಂಟೆ ಬಾರಿಸುವ ಟೈಮರ್ ಇಡಿ, ಬಾರಿಸಿದ ಮೇಲೆ ಮೊಬೈಲ್ ತೆಗೆದಿಡಿ ಎಂದಿದ್ದೆ. ಹತ್ತು ದಿನಗಳಲ್ಲಿ ತಾಯಿಯ ಕರೆ ಬಂತು: ಈಗ ಅವನು ವಿಡಿಯೊ ನೋಡುವುದಕ್ಕಿಂತ ಟೈಮರನ್ನೇ ನೋಡುತ್ತಾನೆ, ಮೊದಲಿನಿಂದಲೇ ಕಿವಿ ಮುಚ್ಚಿಕೊಳ್ಳುತ್ತಾನೆ, ರಾತ್ರಿ ನಿದ್ದೆಯಿಲ್ಲ. ಚಂಡೆಯ ಸದ್ದಿಗೇ ಅಂಗೈ ಒತ್ತುವ ಮಗುವಿಗೆ ಗಂಟೆಯ ಸದ್ದನ್ನು ಕೊಟ್ಟಿದ್ದೆ. ಕಣ್ಣಾರೆ ನೋಡಿಯೂ ಅದು ನನಗೆ ಹೊಳೆಯಲಿಲ್ಲವಲ್ಲ ಎಂದು ಇಂದಿಗೂ ನೋಯುತ್ತದೆ.

ನಿಮಿಷದ ಲೆಕ್ಕ ಬಿಟ್ಟು ಅವನ ಲೆಕ್ಕಕ್ಕೇ ಬಂದೆವು. ವಿಡಿಯೊದ ಆ ಭಾಗವನ್ನು ಮಾತ್ರ ಕತ್ತರಿಸಿ ಮೊಬೈಲಿನಲ್ಲಿ ಉಳಿಸಿಕೊಂಡರು. ನಡುವೆ ಜಾಹೀರಾತು ನುಗ್ಗುವುದು, ಮಳೆಯಲ್ಲಿ ನೆಟ್‌ವರ್ಕ್ ಹೋಗಿ ರಂಪವಾಗುವುದು ಎರಡೂ ತಪ್ಪಿತು. ಒಂದು ಬಟ್ಟಲು, ಹತ್ತು ಅಡಿಕೆ. ಒಂದು ಸಲ ನೋಡಿದರೆ ಒಂದು ಅಡಿಕೆಯನ್ನು ಅವನೇ ಬಟ್ಟಲಿಗೆ ಹಾಕಬೇಕು. ಹತ್ತೂ ಬಿದ್ದ ಮೇಲೆ ಮೊಬೈಲ್ ಮಲಗುತ್ತದೆ, ಬಟ್ಟಲಿನ ಅಡಿಕೆಯನ್ನು ಜಗುಲಿಯಲ್ಲಿ ಜೋಡಿಸಲು ಹೋಗಬಹುದು. ಮೊದಲು ದಿನಕ್ಕೆ ಹಲವು ಬಟ್ಟಲು; ವಾರ ವಾರವೂ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದರು. ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಮಿತಿಗೆ ಬರಲು ಇವರಿಗೆ ಮೂರು ತಿಂಗಳು ಹಿಡಿಯಿತು. ಒಂದೇ ದಿನದಲ್ಲಿ ಕಸಿದುಕೊಂಡಿದ್ದರೆ ನಿದ್ದೆಯೂ ಹೋಗುತ್ತಿತ್ತು, ನಂಬಿಕೆಯೂ ಹೋಗುತ್ತಿತ್ತು.

ಇನ್ನೊಂದು ಸಲಹೆ ತಂದೆಗೆ. ಅಜ್ಜಿಯ ಹಳೆಯ ಸೀರೆಯನ್ನು ತೆರೆ ಮಾಡಿ, ಒಂದು ತುದಿ ಅಜ್ಜಿಗೆ, ಇನ್ನೊಂದು ತಾಯಿಗೆ, ಹಿಂದೆ ನೀವು ಎಂದೆ. ಮೊದಲ ದಿನ ಅವರು ಅಭ್ಯಾಸಬಲದಿಂದ ಅಬ್ಬರಿಸಿ ಹೊರಬಂದರು, ಮಾಣಿ ಓಡಿಹೋದ. ಮರುದಿನ ಸದ್ದಿಲ್ಲದೆ, ಕಾಲು ಮಾತ್ರ ತೋರಿಸಿದರು. ಐದನೆಯ ದಿನ ಮಾಣಿ ಬಂದು ತಾಯಿಯ ಕೈಯಿಂದ ಸೀರೆಯ ತುದಿಯನ್ನು ತಾನೇ ತೆಗೆದುಕೊಂಡ. ತೆರೆ ಎಷ್ಟು ಹೊತ್ತಿಗೆ ಇಳಿಯಬೇಕೆಂಬುದನ್ನು ಈಗ ಅವನು ನಿರ್ಧರಿಸುತ್ತಾನೆ, ತಂದೆ ಹಿಂದೆ ಕಾಯುತ್ತಾರೆ. ಅದು ಇಳಿದಾಗ ಮಾಣಿ ತಂದೆಯ ಮುಖವನ್ನು ನೇರವಾಗಿ ನೋಡಿದ ಎಂದು ಹೇಳುವಾಗ ಅವರ ಧ್ವನಿ ಕಟ್ಟಿತು.

ಅವನ ಬಾಯಲ್ಲಿದ್ದ ಕೆಲವೇ ಮಾತುಗಳಲ್ಲಿ, ಯಕ್ಷಗಾನದ ವೇಷ ರಂಗಕ್ಕೆ ಬಂದಾಗ ಭಾಗವತರಿಗೆ ಹೇಳುವ "ಬಲ್ಲಿರೇನಯ್ಯಾ" ಒಂದು. ಅರ್ಥವಿಲ್ಲದ ಗಿಳಿಪಾಠವೆಂದು ಮನೆಯವರು ಬಿಟ್ಟಿದ್ದರು. ಯಾವಾಗ ಹೇಳುತ್ತಾನೆಂದು ಒಂದು ವಾರ ಬರೆದಿಡಲು ಹೇಳಿದೆ. ಹೆಚ್ಚಾಗಿ ಅಂಗಳಕ್ಕೆ ಯಾರಾದರೂ ಬಂದಾಗ! ಕೇಳಿದ ಮಾತನ್ನೇ ಹೊತ್ತು ನೋಡಿ ಬಳಸುವುದು ಈ ಮಕ್ಕಳಲ್ಲಿ ಬಹಳ ಸಾಮಾನ್ಯ, ಅದು ಮಾತಿನ ಮೊಳಕೆ. "ಸುಮ್ಮನಿರು" ಎನ್ನಬೇಡಿ, "ಬಂದವರು ಯಾರು? ಮಾವ ಬಂದ" ಎಂದು ಭಾಗವತರ ಧಾಟಿಯಲ್ಲೇ ಉತ್ತರ ಕೊಡಿ ಎಂದೆ.

ಕಾಗದಪತ್ರದ ವಿಷಯವನ್ನೂ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ನೋಡುತ್ತಾ ನೋಡುತ್ತಾ ಕರೆದರೂ ಮುಟ್ಟಿದರೂ ಎಚ್ಚರವಿಲ್ಲದಂತೆ ಕಣ್ಣು ನೆಟ್ಟರೆ, ಬಂದ ಮಾತು ಹೋದರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು; ಈ ಮಕ್ಕಳಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು.

ಮೊನ್ನೆ ಹೋದಾಗ ವಿಡಿಯೊ ಇನ್ನೂ ಇತ್ತು, ಹತ್ತನೆಯ ಅಡಿಕೆಯ ಹೊತ್ತಿಗೆ ಒಂದಿಷ್ಟು ಅಳುವೂ ಇತ್ತು. ಅಂಗನವಾಡಿಯಲ್ಲಿ ಹೊಂದಿಕೊಳ್ಳುವುದು ಇನ್ನೂ ಬಾಕಿಯಿದೆ. ನಾನು ಅಂಗಳ ದಾಟುತ್ತಿದ್ದಂತೆ ಜಗುಲಿಯಿಂದ "ಬಲ್ಲಿರೇನಯ್ಯಾ" ಎಂದು ಕೇಳಿಸಿತು. ಉತ್ತರ ಕೊಟ್ಟದ್ದು ಅಜ್ಜಿ.