ಏಳಡಿ ಅಗಲ, ಒಂಬತ್ತಡಿ ಉದ್ದದ ಕೋಣೆ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಹನುಮಂತನಗರದಲ್ಲಿ 30–40ರ ನಿವೇಶನದಲ್ಲಿ ಕಟ್ಟಿದ ಮನೆ ನಮ್ಮದು. ನಾವೆಲ್ಲ ಮಲಗುವುದು ಮಹಡಿಯಲ್ಲಿ. ಕೆಳಗೆ ಅಡುಗೆಮನೆಯ ಪಕ್ಕದಲ್ಲಿ 7 ಅಡಿ ಅಗಲ, 9 ಅಡಿ ಉದ್ದದ ಒಂದು ಕೋಣೆ ಇದೆ. ಹದಿನಾಲ್ಕು ವರ್ಷ ಅತ್ತೆಯವರು ಅಲ್ಲಿದ್ದರು. ಅವರ ವರ್ಷಾಂತಿಕ ಕಳೆದ ತಿಂಗಳು ಮುಗಿಯಿತು. ಈಗ ಅಲ್ಲಿ ಅವರ ಮಂಚ, ಕಬ್ಬಿಣದ ಬೀರು, ದಸರಾ ಗೊಂಬೆಗಳ ಟ್ರಂಕುಗಳು ಮತ್ತು ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಇವೆ. ತುಮಕೂರಿನ ಕಡೆಯ ನೆಂಟರು ವರ್ಷಕ್ಕೆ ನಾಲ್ಕೈದು ಸಲ ಬಂದು ಎರಡೆರಡು ರಾತ್ರಿ ಇರುತ್ತಾರೆ, ಅವರಿಗೆಂದು ಕೋಣೆ ಇರಲಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಯಜಮಾನರಿಗೂ ಈಚೆಗೆ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿದೆ. ದ್ವಿತೀಯ ಪಿಯುಸಿ ಓದುವ ಮೊಮ್ಮಗಳಿಗೆ ಓದುವ ಕೋಣೆಯಾಗಲಿ ಎಂಬುದು ಮಗನ ಮಾತು. ನನಗೆ ಪೂಜಾ ಕೋಣೆಯ ಆಸೆ. ಸೊಸೆ ಏನೂ ಹೇಳಿಲ್ಲ. ಅವಳು ವಾರಕ್ಕೆ ಮೂರು ದಿನ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಾಳೆ. ಕೋಣೆಯ ನಕ್ಷೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಹೊಲಿಗೆ ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

— ಓದುಗರೊಬ್ಬರು, ಹನುಮಂತನಗರ, ಬೆಂಗಳೂರು

ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಪತ್ರವನ್ನೂ ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನೂ ಎದುರಿಗಿಟ್ಟುಕೊಂಡು ಈ ಉತ್ತರ ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷ ಒಬ್ಬ ಹಿರಿಯರು ಬಾಳಿದ ಕೋಣೆಯ ಬಗ್ಗೆ ವರ್ಷಾಂತಿಕ ಮುಗಿಯುವವರೆಗೆ ಮನೆಯವರು ಯಾರೂ ಮಾತೆತ್ತಲಿಲ್ಲ ಎಂಬುದು ತಮ್ಮ ಪತ್ರದಿಂದ ತಿಳಿಯುತ್ತದೆ, ಮತ್ತು ಅದು ತಮ್ಮ ಮನೆಯ ನಡವಳಿಕೆಯ ಬಗ್ಗೆ ನನ್ನಲ್ಲಿ ಗೌರವ ಮೂಡಿಸಿತು. ಈಗ ನಿರ್ಧರಿಸುವ ಹೊತ್ತು ಬಂದಿದೆ. ತಡಮಾಡಿದರೆ ಆ ಕೋಣೆ ಯಾರೂ ಗೊತ್ತುಮಾಡದೆಯೇ ಉಗ್ರಾಣವಾಗಿಬಿಡುತ್ತದೆ. ಟ್ರಂಕು ಮತ್ತು ಬೀರುಗಳ ಪಟ್ಟಿ ನೋಡಿದರೆ ಆಗಲೇ ಅರ್ಧ ಆಗಿದೆ ಎಂದೇ ತೋರುತ್ತದೆ.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೊಸೆಯವರ ಬಗ್ಗೆ ತಾವು ಬರೆದಿರುವ ವಾಕ್ಯ. ಉಳಿದವರೆಲ್ಲರ ಕೋರಿಕೆಗಳ ಕೊನೆಗೆ, ಏನೂ ಕೇಳದವರೆಂದು ಅವರ ಮಾತು ಬಂದಿದೆ. ಆದರೆ ಒಂದು ಕೋಣೆಯನ್ನು ಯಾರಿಗೆ ಕೊಡಬೇಕು ಎಂಬುದನ್ನು ಯಾರ ಬಯಕೆ ದೊಡ್ಡದು ಎಂದು ನೋಡಿ ತೀರ್ಮಾನಿಸುವುದಕ್ಕಿಂತ, ಯಾರ ಎಷ್ಟು ಗಂಟೆಗಳು ನೆಲೆಯಿಲ್ಲದೆ ಕಳೆಯುತ್ತಿವೆ ಎಂದು ಎಣಿಸಿ ತೀರ್ಮಾನಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ನೆಂಟರು ವರ್ಷಕ್ಕೆ ಐದು ಸಲ ಬಂದರೆ ಹತ್ತು ರಾತ್ರಿಗಳಾದವು. ಉಳಿದ 355 ರಾತ್ರಿ ಆ ಹಾಸಿಗೆ ಖಾಲಿ. ಪೂಜೆಗೆ ದಿನಕ್ಕೆ ಅರ್ಧ ಗಂಟೆ, ಹಬ್ಬದ ದಿನ ಎರಡು ಗಂಟೆ. ಸೊಸೆಯವರು ವಾರಕ್ಕೆ ಮೂರು ದಿನ, ದಿನಕ್ಕೆ ಎಂಟು ಗಂಟೆಯಂತೆ ಹಿಡಿದರೂ, ವಾರಕ್ಕೆ 24 ಗಂಟೆ ಕುಕ್ಕರಿನ ಸೀಟಿ, ಟಿವಿ, ಬಾಗಿಲ ಗಂಟೆ ಇವುಗಳ ನಡುವೆ ಕುಳಿತು ದುಡಿಯುತ್ತಾರೆ, ಮತ್ತು ಊಟದ ಹೊತ್ತಿಗೆ ಎಲ್ಲವನ್ನೂ ಎತ್ತಿಟ್ಟು ಮೇಜು ಬಿಟ್ಟುಕೊಡುತ್ತಾರೆ. ಮೊಮ್ಮಗಳ ಓದು ಬೆಳಗಿನ ಜಾವ ಮತ್ತು ರಾತ್ರಿ. ಅಂದರೆ ಇವರಿಬ್ಬರ ಹೊತ್ತುಗಳು ಒಂದರ ಮೇಲೊಂದು ಬೀಳುವುದೇ ಇಲ್ಲ. ಒಂದೇ ಮೇಜು, ಒಂದೇ ಕುರ್ಚಿ ಇಬ್ಬರಿಗೂ ಸಾಕು. ಆದ್ದರಿಂದ ನನ್ನ ಸ್ಪಷ್ಟ ಸಲಹೆ ಇದು: ಹಗಲು ಅದು ಸೊಸೆಯವರ ಕೆಲಸದ ಕೋಣೆಯಾಗಲಿ, ಹೊತ್ತಾರೆ ಮತ್ತು ರಾತ್ರಿ ಮೊಮ್ಮಗಳ ಓದಿನ ಕೋಣೆಯಾಗಲಿ. ಇದನ್ನು ಮನೆಯಲ್ಲಿ ಪ್ರಕಟಿಸುವ ಮೊದಲು ಸೊಸೆಯವರನ್ನು ತಾವೇ ಕರೆದು ಕೇಳಿ. ಕೇಳದೆ ಕೊಟ್ಟರೆ ಅದು ಅವರಿಗೆ ಮತ್ತೊಂದು ಋಣದಂತೆ ಕಾಣಬಹುದು.

ನೆಂಟರ ಕೋಣೆಯ ವಿಷಯದಲ್ಲಿ ನನ್ನ ಸ್ವಂತ ಅನುಭವವೂ ಇದೆ. ನಮ್ಮ ಮನೆಯಲ್ಲಿ ಅಂಥದೇ ಒಂದು ಕೋಣೆಯನ್ನು ಬಹಳ ವರ್ಷ ಬಂದವರಿಗೆಂದು ಮೀಸಲಿಟ್ಟಿದ್ದೆವು. ಆ ವರ್ಷಗಳಲ್ಲಿ ನನ್ನ ತಂಗಿ ನಡುಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಓದಿದಳು. ಬಾಗಿಲು ಹಾಕಿದ್ದ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅದನ್ನು ನೆನೆದಾಗ ಈಗಲೂ ನನಗೆ ನೋವಾಗುತ್ತದೆ.

ಇನ್ನು ಅಳತೆಗೆ ಬರೋಣ. 7 ಅಡಿಗೆ 9 ಅಡಿ ಎಂದರೆ 63 ಚದರಡಿ, ಸುಮಾರು 5.85 ಚದರ ಮೀಟರು. ಮನೆಯ ಎರಡನೆಯ ವಾಸದ ಕೋಣೆ 7.5 ಚದರ ಮೀಟರಿಗಿಂತ ಚಿಕ್ಕದಾಗಬಾರದು, ಅದರ ಅಗಲ 2.1 ಮೀಟರಿಗೆ ಕಡಿಮೆಯಿರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ತಮ್ಮ ಕೋಣೆಗೆ ಅಗಲ ಸಾಲುತ್ತದೆ, ವಿಸ್ತೀರ್ಣ ಸಾಲದು. ಇಷ್ಟು ಚಿಕ್ಕ ಜಾಗದಲ್ಲಿ ಒಬ್ಬರು ದಿನವಿಡೀ ಕುಳಿತುಕೊಳ್ಳಬೇಕಾದರೆ ಗಾಳಿ ಬೆಳಕಿಗೆ ಅಡ್ಡಿಯಾದುದನ್ನೆಲ್ಲ ಮೊದಲು ತೆಗೆಯಬೇಕು. ಪಶ್ಚಿಮದ ಕಿಟಕಿ 3 ಅಡಿಗೆ 4 ಅಡಿ ಎಂದು ನಕ್ಷೆಯಲ್ಲಿದೆ. ನೆಲದ ವಿಸ್ತೀರ್ಣದ ಎಂಟನೆಯ ಒಂದು ಪಾಲಿನಷ್ಟಾದರೂ ಕಿಟಕಿ ತೆರೆದಿರಬೇಕೆಂದು ಲೆಕ್ಕ ಹಿಡಿದರೆ ಇದು ಧಾರಾಳವಾಗಿಯೇ ಇದೆ. ಆದರೆ ಬೀರು ಅದರ ಅರ್ಧವನ್ನು ಮುಚ್ಚಿ ನಿಂತಿದೆ. ಬೀರು ಅಲ್ಲಿಂದ ಹೊರಡಲೇಬೇಕು. ತಮ್ಮ ನೆರೆಯ ಬಸವನಗುಡಿಯೂ ಮಲ್ಲೇಶ್ವರವೂ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು ಇಟ್ಟು ಅವನ್ನು ರೂಪಿಸಿದ್ದರು; ಇಕ್ಕಟ್ಟಿನ, ಗಾಳಿಯಿಲ್ಲದ ಮನೆಗಳಲ್ಲಿ ಜನ ಸತ್ತುದನ್ನು ಕಂಡ ಮೇಲೆ ಹಲವರು ಅಲ್ಲಿಗೆ ಬಂದರು. ಇಂದಿನ 30–40ರ ನಿವೇಶನದಲ್ಲಿ ಅಂಥ ಬಯಲಿಗೆ ಎಡೆಯಿಲ್ಲ, ಹಾಗಾಗಿ ಇರುವ ಒಂದು ಕಿಟಕಿಯನ್ನು ಸಾಮಾನಿಗೆ ಒಪ್ಪಿಸುವುದು ತರವಲ್ಲ.

ಸಾಮಾನು ಹೂಡುವ ಬಗೆಯನ್ನು ನಕ್ಷೆಯ ಮೇಲೆಯೇ ಇಟ್ಟು ನೋಡಿದೆ. ಅತ್ತೆಯವರ ಮಂಚ ಆರೂಕಾಲು ಅಡಿ ಉದ್ದ, ಮೂರಡಿ ಅಗಲವಿದೆ. ಈಗ ಅದು ಒಂಬತ್ತಡಿಯ ಗೋಡೆಗುಂಟ ಇರುವುದರಿಂದ ಮೇಜು ಹಾಕಿದರೆ ಎರಡರ ನಡುವೆ ಉಳಿಯುವುದು ಎರಡೇ ಅಡಿ. ಕುರ್ಚಿ ಹಿಂದೆಳೆಯಲು ಆಗುವುದಿಲ್ಲ. ಅದನ್ನೇ ತಿರುಗಿಸಿ ಪೂರ್ವದ ಏಳಡಿಯ ಗೋಡೆಗೆ ಸೇರಿಸಿ. ಆಗ ಮಂಚ ಮೂರಡಿ ತೆಗೆದುಕೊಂಡು, 6 ಅಡಿಗೆ 7 ಅಡಿಯ ತೆರಪು ಒಟ್ಟಿಗೆ ಸಿಗುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಮೇಜನ್ನು ಉತ್ತರದ ಗೋಡೆಗೆ ಹಾಕಿದರೆ ಕಿಟಕಿ ಎಡಗಡೆಗೆ ಬರುತ್ತದೆ. ಬಲಗೈಯಲ್ಲಿ ಬರೆಯುವ ಮೊಮ್ಮಗಳಿಗೆ ಕೈಯ ನೆರಳು ಪುಟದ ಮೇಲೆ ಬೀಳುವುದಿಲ್ಲ. ಸೊಸೆಯವರಿಗೆ ಲ್ಯಾಪ್‌ಟಾಪಿನ ಪರದೆಯಲ್ಲಿ ಕಿಟಕಿ ಪ್ರತಿಫಲಿಸುವುದಿಲ್ಲ, ವಿಡಿಯೋ ಕರೆಯಲ್ಲಿ ಬೆನ್ನ ಹಿಂದಿನ ಬೆಳಕಿನಿಂದ ಮುಖ ಕಪ್ಪಾಗುವುದೂ ಇಲ್ಲ. ಉತ್ತರಕ್ಕೆ ಮುಖಮಾಡಿ ಕುಳಿತು ಓದುವುದು ನಮ್ಮ ಹಿರಿಯರು ಒಪ್ಪಿದ ಪದ್ಧತಿಯೂ ಹೌದು. ಬಾಗಿಲು ದಕ್ಷಿಣ ಗೋಡೆಯ ನಡುವೆ ಇರುವುದರಿಂದ ಓಡಾಟಕ್ಕೆ ತಡೆಯಿಲ್ಲ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಬಿಸಿಲು ನೇರ ಒಳಗೆ ಬರುತ್ತದೆ, ಅದಕ್ಕೆ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಿಸಿ. ಒಳಗಿನ ಪರದೆ ಬೆಳಕನ್ನು ತಡೆದೀತೇ ಹೊರತು ಕಾವನ್ನು ಅಷ್ಟಾಗಿ ತಡೆಯುವುದಿಲ್ಲ.

ಯಾವುದನ್ನೂ ಕೊಳ್ಳುವ ಮೊದಲು ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಈ ಅಳತೆಗಳನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಎಳೆದು, ನಡುವೆ ಒಂದು ಕುರ್ಚಿ ಇಟ್ಟು ಎಲ್ಲರೂ ಓಡಾಡಿ ನೋಡಿ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೇಜಿನ ಎತ್ತರದಲ್ಲಿ ಅರ್ಥಿಂಗ್ ಇರುವ ಎರಡು ಪ್ಲಗ್ ಪಾಯಿಂಟ್ ಹಾಕಿಸಿ. ಎಕ್ಸ್‌ಟೆನ್ಷನ್ ತಂತಿ ಬಾಗಿಲಿಗೆ ಅಡ್ಡವಾಗಿ ಬಿದ್ದಿರಬಾರದು. ಬಚ್ಚಲಿಗೆ ತಾಗಿದ ಗೋಡೆ ತೇವ ಹಿಡಿಯುತ್ತದೆಯೇ ಎಂಬುದನ್ನು ಸೆಪ್ಟೆಂಬರಿನ ಮಳೆಯ ನಂತರ ಕೈಯಿಟ್ಟು ನೋಡಿ, ಆಮೇಲಷ್ಟೇ ಅಲ್ಲಿ ಪುಸ್ತಕದ ಕಪಾಟು ಇಡಿ.

ಮಂಚವನ್ನು ಮಾರಬೇಡಿ. ನೆಂಟರು ಬಂದ ಹತ್ತು ರಾತ್ರಿಗೆ ಅದು ಸಾಕು, ಹೀಗೆ ಯಜಮಾನರ ಮಾತೂ ನಡೆದಂತಾಯಿತು. ಆದರೆ ಅದನ್ನು ಉಳಿಸಿಕೊಳ್ಳಿ ಎನ್ನಲು ನನಗಿರುವ ಮುಖ್ಯ ಕಾರಣ ಬೇರೆ. ಅವರಿಗೆ ಮೆಟ್ಟಿಲು ಕಷ್ಟವಾಗುತ್ತಿದೆ ಎಂದು ತಾವೇ ಬರೆದಿದ್ದೀರಿ, ಮತ್ತು ಮಲಗುವ ಕೋಣೆಗಳೆಲ್ಲ ಮೇಲಿವೆ. ಬಚ್ಚಲಿಗೆ ಹತ್ತಿರವಾಗಿ ನೆಲಮಟ್ಟದಲ್ಲಿರುವ ಕೋಣೆ ತಮ್ಮ ಮನೆಯಲ್ಲಿ ಇದೊಂದೇ. ಇನ್ನು ಕೆಲವು ವರ್ಷಗಳಲ್ಲಿ, ಅಥವಾ ಕಾಲು ಉಳುಕಿದ ಯಾವುದೋ ಒಂದು ದಿನ ಇದ್ದಕ್ಕಿದ್ದಂತೆ, ಅದು ಅವರಿಗೋ ತಮಗೋ ಬೇಕಾಗುತ್ತದೆ. ಆದ್ದರಿಂದ ಗೋಡೆಗೆ ಜಡಿದ ಪ್ಲೈವುಡ್ ಕಪಾಟು, ಕದಲಿಸಲಾಗದ ಕಟ್ಟೆ, ಮಾರ್ಬಲ್ ಪೀಠ ಇಂಥ ಯಾವುದನ್ನೂ ಅಲ್ಲಿ ಮಾಡಿಸಬೇಡಿ. ಒಂದು ಮಧ್ಯಾಹ್ನದಲ್ಲಿ ಇಬ್ಬರು ಸೇರಿ ಬದಲಾಯಿಸಬಹುದಾದಷ್ಟು ಸಾಮಾನು ಮಾತ್ರ ಅಲ್ಲಿರಲಿ.

ಈ ಕಾರಣಕ್ಕೇ ಪೂಜಾ ಕೋಣೆಯ ತಮ್ಮ ಆಸೆಗೆ ನಾನು ಹೂಂ ಎನ್ನಲಾರೆ, ಅದಕ್ಕಾಗಿ ಬೇಸರ ಮಾಡಿಕೊಳ್ಳಬಾರದು. ದೇವರನ್ನು ಪ್ರತಿಷ್ಠೆ ಮಾಡಿದ ಜಾಗವನ್ನು ಮುಂದೆ ಬದಲಿಸಲು ಯಾರ ಮನಸ್ಸೂ ಒಪ್ಪುವುದಿಲ್ಲ. ದೀಪ, ಕರ್ಪೂರ, ಊದಿನಕಡ್ಡಿಯ ಹೊಗೆಯನ್ನೂ ಮೊಮ್ಮಗಳ ಕಾಗದಪತ್ರಗಳನ್ನೂ 63 ಚದರಡಿಯಲ್ಲಿ ಒಟ್ಟಿಗೆ ಇಡುವುದು ಕ್ಷೇಮವಲ್ಲ. ನಡುಮನೆಯ ಪೂರ್ವದ ಗೋಡೆ ಆರಡಿ ಖಾಲಿಯಿರುವುದನ್ನು ನಕ್ಷೆ ತೋರಿಸುತ್ತದೆ. ಈಗ ಊಟದ ಮೇಜಿನ ಮೇಲಿರುವ ಕಂಪ್ಯೂಟರು, ತಂತಿಗಳು ಎಲ್ಲ ಕೋಣೆಗೆ ಹೋದ ಮೇಲೆ ಆ ಗೋಡೆಯ ಮುಂದೆ ನೆಮ್ಮದಿಯಾಗಿ ಕುಳಿತುಕೊಳ್ಳಲು ಜಾಗವಾಗುತ್ತದೆ. ಎರಡು ಬಾಗಿಲಿನ, ಮೂರಡಿ ಅಗಲದ ಸಾಗುವಾನಿ ಮಂಟಪವೊಂದನ್ನು ಅಲ್ಲಿ ಕೂರಿಸಿ. ಇದು ತಮಗೆ ಅರ್ಧ ಮಾತ್ರ ಸಮಾಧಾನ ಕೊಡಬಹುದೆಂದು ಬಲ್ಲೆ.

ಗೊಂಬೆಯ ಟ್ರಂಕುಗಳು ಅಟ್ಟಕ್ಕೆ ಹೋಗಲಿ, ಆದರೆ ಅವನ್ನು ಏರಿಸುವುದೂ ಇಳಿಸುವುದೂ ಮಗನ ಕೆಲಸ, ತಮ್ಮದಲ್ಲ. ಒಂದೊಂದು ಗೊಂಬೆಯನ್ನೂ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಮಣ್ಣಿನವನ್ನೂ ಚನ್ನಪಟ್ಟಣದ ಮರದವನ್ನೂ ಬೇರೆ ಬೇರೆ ಟ್ರಂಕಿನಲ್ಲಿ ಇಡಿ. ಬೀರುವಿನಲ್ಲಿ ಅತ್ತೆಯವರ ಸೀರೆಗಳಿದ್ದರೆ ಅವನ್ನು ಹೆಣ್ಣುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರನ್ನೂ ಒಂದು ದಿನ ಕರೆದು ಅವರವರೇ ಆರಿಸಿಕೊಳ್ಳಲು ಬಿಡಿ. ಆನಂತರವೇ ಬೀರುವಿನ ಮಾತು.

ಕೊನೆಯದಾಗಿ ಹೊಲಿಗೆ ಯಂತ್ರ. ಅದನ್ನು ಕೊಡಬೇಡಿ. ತುಳಿಯುವ ಯಂತ್ರಕ್ಕೆ ಬೇಕಾದ ಜಾಗ ಮೂರಡಿಗೆ ಒಂದೂವರೆ ಅಡಿ ಅಷ್ಟೆ; ಬೀರು ಹೋದ ಮೇಲೆ ಕಿಟಕಿಯ ಕೆಳಗೆ ಅದು ಸರಿಯಾಗಿ ಕೂರುತ್ತದೆ, ಅಲ್ಲಿಯ ಬೆಳಕೂ ಸೂಜಿಗೆ ದಾರ ಪೋಣಿಸಲು ಒಳ್ಳೆಯದು. ವಾರದ ನಾಲ್ಕು ದಿನ ಹಗಲು ಆ ಕೋಣೆ ಬಿಡುವಾಗಿರುವುದರಿಂದ ತಾವೇ ಅಲ್ಲಿ ಕುಳಿತು ಹೊಲಿಯಬಹುದು. ವರ್ಷದಿಂದ ನಿಂತ ಯಂತ್ರವನ್ನು ಒಮ್ಮೆಲೇ ತುಳಿಯಬೇಡಿ. ಮೊದಲು ಧೂಳು ಒರೆಸಿ, ಎಣ್ಣೆ ಬಿಡುವ ತೂತುಗಳಿಗೆಲ್ಲ ಒಂದೊಂದು ಹನಿ ಮಷಿನ್ ಎಣ್ಣೆ ಬಿಟ್ಟು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ಚರ್ಮದ ಬೆಲ್ಟು ಸಡಿಲವಾಗಿದ್ದರೆ ಸ್ವಲ್ಪ ಕತ್ತರಿಸಿ ಮತ್ತೆ ಕೊಂಡಿ ಹಾಕಿಸಿದರೆ ಆಯಿತು. ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದು ಬೇಕಾಗುತ್ತದೆ.